ಓದುಗರ ಪ್ರಶ್ನೆ: ಸಾಹುಕಾರರ ನೆನಪಿಗೆ ಕಲ್ಲು, ಅದಕ್ಕೂ ಮೊದಲು ಕಾಗದ

ಪ್ರಶ್ನೆ: ಸುಮಾರು ಮೂವತ್ತು ವರ್ಷದ ಹಿಂದೆ ತಮ್ಮ ಐದು ಎಕರೆ ಹೊಲ ಎನ್‌ಎ (ಕೃಷಿಯೇತರ) ಮಾಡಿಸಿ ನಮ್ಮ ಬಡಾವಣೆ ಹಾಕಿದ ಸಾಹುಕಾರರು ಹೋದ ವರ್ಷ ತೀರಿಕೊಂಡರು. ಹಮಾಲರು, ರೈಸ್‌ಮಿಲ್ ಕೆಲಸದವರು, ಶಾಲೆಯ ಮಾಸ್ತರರು ಕಂತಿನ ಮೇಲೆ ಪ್ಲಾಟು ತಗೊಂಡು ಸ್ವಂತ ಮನೆ ಕಂಡಿದ್ದು ಅವರಿಂದ. ಗಾರ್ಡನ್‌ಗೆ ಬಿಟ್ಟ ಜಾಗದಲ್ಲಿ ಒಂದು ಅಡಿಯನ್ನೂ ಮಾರಲಿಲ್ಲ. ಸರ್ಕಲ್‌ನಲ್ಲಿ ಅವರ ಮೂರ್ತಿ ಕೂರಿಸಿ, ಗಾರ್ಡನ್‌ಗೆ ಅವರ ಹೆಸರಿಡಬೇಕೆಂದಿದ್ದೇವೆ. ಏನು ಮಾಡಬೇಕು?
— ಬಡಾವಣೆಯ ನಿವಾಸಿಗಳು, ಗಂಗಾವತಿ

ಉತ್ತರ: ಮೂರ್ತಿಯ ವಿಚಾರ ಬಿಡಿ. ರಸ್ತೆ, ಫುಟ್‌ಪಾತ್ ಮತ್ತು ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಮೂರ್ತಿ ಕೂರಿಸಲು ರಾಜ್ಯಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಗೊತ್ತಾಗದಂತೆ ಕೂರಿಸಿದರೆ, ಅದನ್ನು ಕಿತ್ತೊಯ್ಯುವ ದಿನ ಅವಮಾನ ಆಗುವುದು ಆ ಹಿರಿಯರಿಗೆ. ಗಾರ್ಡನ್‌ಗೆ ಹೆಸರಿಡುವುದು ಸರಿಯಾದ ದಾರಿ. ಆದರೆ ಆ ಗಾರ್ಡನ್ ಕಾಗದದಲ್ಲಿ ಯಾರದ್ದು ಎಂದು ಮೊದಲು ನೋಡಿ.

ಹಳೆಯ ಲೇಔಟ್‌ಗಳಲ್ಲಿ ಬಹಳ ಕಡೆ ಒಂದೇ ತಪ್ಪು ಉಳಿದಿರುತ್ತದೆ. ನಕ್ಷೆಯಲ್ಲಿ ಗಾರ್ಡನ್ ಅಂತ ಇರುತ್ತದೆ, ಜನ ಅಲ್ಲಿ ಕೂರುತ್ತಾರೆ, ಮಕ್ಕಳು ಆಡುತ್ತಾರೆ. ಆದರೆ ಆ ಜಾಗವನ್ನು ನಗರಸಭೆಗೆ ಬಿಟ್ಟುಕೊಟ್ಟ ಪತ್ರ ನೋಂದಣಿಯೇ ಆಗಿರುವುದಿಲ್ಲ. ಪಹಣಿಯಲ್ಲಿ ಮಾಲೀಕರ ಹೆಸರು ಹಾಗೇ ಇರುತ್ತದೆ. ಅವರು ತೀರಿಕೊಂಡ ಮೇಲೆ ಪೌತಿ ಖಾತೆ ಆದಾಗ ಗಾರ್ಡನ್ ಜಾಗವೂ ವಾರಸುದಾರರ ಹೆಸರಿಗೆ ಹೋಗುತ್ತದೆ. ಮಕ್ಕಳು ಅಪ್ಪನ ಮಾತು ಉಳಿಸಿಕೊಂಡಾರು. ಮೊಮ್ಮಕ್ಕಳ ಕಾಲಕ್ಕೆ ಅದು ‘ನಮ್ಮ ಅಜ್ಜನ ಜಾಗ’ ಆಗಿ, ಪ್ಲಾಟಿನ ಕಲ್ಲು ಬೀಳುತ್ತವೆ.

ಹೀಗಾಗಿ ಮೊದಲು ಮಂಜೂರಾದ ಲೇಔಟ್ ನಕ್ಷೆ ಮತ್ತು ಎನ್‌ಎ ಆದೇಶದ ದೃಢೀಕೃತ ಪ್ರತಿ ತೆಗೆಸಿ. ಕೇಳಿದರೆ ಸಿಗದಿದ್ದಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ನಂತರ ಆ ಸರ್ವೆ ನಂಬರಿನ ಪಹಣಿ ತೆಗೆದು 9ನೇ ಕಾಲಂನಲ್ಲಿ ಯಾರ ಹೆಸರಿದೆ, ಎಷ್ಟು ಗುಂಟೆ ಇದೆ, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಏನಾದರೂ ಕೂತಿದೆಯೇ ನೋಡಿ. ಜೊತೆಗೆ, ಎನ್‌ಎ ಆದ ವರ್ಷದಿಂದ ಇವತ್ತಿನವರೆಗಿನ ಇ.ಸಿ. (ಋಣಭಾರ ಪ್ರಮಾಣಪತ್ರ) ಬೇಕು. ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ.

ಆಮೇಲೆ ಅಳತೆ. ಐದು ಎಕರೆ ಅಂದರೆ 200 ಗುಂಟೆ. ನಕ್ಷೆಯಲ್ಲಿ ಗಾರ್ಡನ್ ಶೇ 10 ಇದ್ದರೆ 20 ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ 21,780 ಚದರ ಅಡಿ. ನೆಲದ ಮೇಲೆ ಅಷ್ಟು ಸಿಗದಿದ್ದರೆ, ಅಂಚಿನ ಮನೆಗಳ ಮೆಟ್ಟಿಲು, ಪಾಯಖಾನೆ ಗುಂಡಿ, ದನದ ಕೊಟ್ಟಿಗೆ ಎಷ್ಟು ಒಳಗೆ ಬಂದಿವೆ ಎಂದು ಸರ್ವೆಯರ್ ಮುಂದೆಯೇ ಬರೆಸಿಕೊಳ್ಳಿ.

ಪತ್ರ ಆಗಿಲ್ಲದಿದ್ದರೆ ಸಾಹುಕಾರರ ಮನೆಯವರ ಹತ್ತಿರ ಹೋಗಿ ಕೂತು ಮಾತಾಡಿ. ಪುಣ್ಯತಿಥಿಗಿಂತ ಒಳ್ಳೆಯ ಸಮಯ ಇದಕ್ಕೆ ಸಿಗುವುದಿಲ್ಲ. ವಂಶವೃಕ್ಷದಲ್ಲಿರುವ ಎಲ್ಲ ವಾರಸುದಾರರ ಸಹಿಯೂ ಬೇಕು, ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳದ್ದೂ ಸೇರಿ. ಒಬ್ಬರ ಸಹಿ ಬಿಟ್ಟರೂ ಮುಂದೆ ಅವರ ಪಾಲಿನ ಮೇಲೆ ದಾವೆ ಬರಬಹುದು. ಪತ್ರ ನಗರಸಭೆಯ ಪರವಾಗಿ ನೋಂದಣಿಯಾದ ಮೇಲೆ ನಗರಸಭೆಯ ಆಸ್ತಿ ರಿಜಿಸ್ಟರ್‌ನಲ್ಲೂ, ಉದ್ಯಾನ ಮತ್ತು ಬಯಲು ಜಾಗಗಳ 1985ರ ಕಾಯ್ದೆಯ ಪ್ರಕಾರ ಇಡಬೇಕಾದ ಉದ್ಯಾನಗಳ ಪಟ್ಟಿಯಲ್ಲೂ ಸೇರಿಸಲು ಬರೆದುಕೊಡಿ.

ಇಷ್ಟಾದ ಮೇಲೆ ಹೆಸರು. ನಿವಾಸಿಗಳ ಸಂಘ ಇಲ್ಲದಿದ್ದರೆ ಮಾಡಿಕೊಳ್ಳಿ; 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸಾಕು. ಮನೆಮನೆಯ ಸಹಿಯೊಂದಿಗೆ ಪೌರಾಯುಕ್ತರಿಗೆ ಅರ್ಜಿ ಕೊಟ್ಟು, ನಗರಸಭೆಯ ಸಾಮಾನ್ಯ ಸಭೆಯಲ್ಲಿ ಠರಾವು (ನಿರ್ಣಯ) ಮಾಡಿಸಿ, ಠರಾವಿನ ಪ್ರತಿ ಸಂಘದ ಕಡತದಲ್ಲಿಡಿ. ಠರಾವಿಲ್ಲದೆ ಹಾಕಿದ ಬೋರ್ಡನ್ನು ಯಾರು ಬೇಕಾದರೂ ತೆಗೆಸಬಹುದು.

ಪ್ರಶ್ನೆ: ನಾವೂ ಇಂಥದೇ ಒಂದು ನೆನಪಿನ ಕಲ್ಲು ನಿಲ್ಲಿಸಲು ಅನುಮತಿ ಪಡೆದಿದ್ದೇವೆ. ನಮ್ಮದು ಎರೆ ಭೂಮಿ. ಹಿಂದೆ ಹಾಕಿದ ಧ್ವಜದ ಕಟ್ಟೆ ಎರಡೇ ಮಳೆಗಾಲಕ್ಕೆ ವಾಲಿತು. ಕಲ್ಲಿನ ಮೇಲೆ ಏನು ಬರೆಸಬೇಕು?
— ಸಿಂಧನೂರು

ಉತ್ತರ: ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಒಂದೂವರೆ ಅಡಿ ಪಾಯ ಹಾಕಿದ ಕಟ್ಟೆಯನ್ನು ಅದು ಎತ್ತಿ ಎತ್ತಿ ಇಳಿಸುತ್ತದೆ, ವಾಲುವುದು ಅದಕ್ಕೇ. ಕಟ್ಟೆಗಿಂತ ಸುತ್ತಲೂ ಒಂದಡಿ ಅಗಲವಾಗಿ, ನಾಲ್ಕು ಅಡಿ ಆಳಕ್ಕೆ ಅಗೆಯಿರಿ. ಅದಕ್ಕೂ ಮೊದಲೇ ಗರಸು (ಮೊರಂ) ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ತೆಗೆದ ಎರೆಮಣ್ಣನ್ನು ಮತ್ತೆ ಗುಂಡಿಗೆ ಹಾಕಬೇಡಿ. ಗರಸನ್ನು ಆರಾರು ಇಂಚಿನ ಪದರವಾಗಿ ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡುತ್ತಾ ಮೇಲೆ ಬನ್ನಿ. ಅದರ ಮೇಲೆ 1:4:8ರ (ಸಿಮೆಂಟ್, ಮರಳು, ಜಲ್ಲಿ) ನಾಲ್ಕು ಇಂಚು ಕಾಂಕ್ರೀಟ್, ಆಮೇಲೆ ಸೈಜುಗಲ್ಲಿನ ಕಟ್ಟೆ. ಇಟ್ಟಿಗೆ ಬೇಡ. ಕಾಲುವೆ ನೀರಿನ ಪ್ರದೇಶದಲ್ಲಿ ನೆಲದ ಉಪ್ಪು ಇಟ್ಟಿಗೆಗೆ ಏರಿ ಗಿಲಾವು ಉದುರುತ್ತದೆ. ಬೇವಿನ ಗಿಡ ನೆಡುವುದಾದರೆ ಕಟ್ಟೆಯಿಂದ ಇಪ್ಪತ್ತು ಅಡಿ ದೂರ ಇರಲಿ. ಬೇರು ತೇವ ಹೀರಿದ ಕಡೆ ನೆಲ ಕುಸಿಯುತ್ತದೆ.

ಕಲ್ಲನ್ನು ಗಿಲಾವಿಗೆ ಅಂಟಿಸಿ ಬಿಡಬೇಡಿ, ಹಿಂದಿನಿಂದ ಸ್ಟೀಲ್ ಪಿನ್ನು ಹಾಕಿಸಿ. ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಹತ್ತಿರದಲ್ಲೇ ಸಿಗುತ್ತದೆ. ಅಕ್ಷರ ಬರೀ ಬಣ್ಣದಲ್ಲಿ ಬರೆಸದೆ ಕೆತ್ತಿಸಿ, ಮೂರು ಮಿಲಿಮೀಟರ್ ಆಳವಾದರೂ ಇರಲಿ. ಬಣ್ಣ ಹೋದರೂ ಓದಲು ಬರುತ್ತದೆ.

ಬರಹದ ವಿಷಯಕ್ಕೆ ದೂರ ಹೋಗಬೇಕಿಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಗುಡಿ ಕಟ್ಟಿಸಿದ ದಂಡನಾಯಕ ಮಹಾದೇವ ಯಾರೆಂದು ನಮಗೆ ಗೊತ್ತಿರುವುದು ಶಾಸನದಿಂದ. ನಮ್ಮ ಹಳೆಯ ದಾನಶಾಸನಗಳಲ್ಲಿ ಕೊಟ್ಟವರ ಹೊಗಳಿಕೆಯ ಜೊತೆಗೆ ಎಷ್ಟು ಮತ್ತರು (ಆಗಿನ ಅಳತೆ) ಭೂಮಿ, ಯಾವ ದಿಕ್ಕಿಗೆ ಯಾವ ಗಡಿ ಎಂಬುದೂ ಇರುತ್ತದೆ. ನೀವೂ ಹಾಗೇ ಮಾಡಿ. ‘ಕೊಡುಗೈ ದಾನಿ’, ‘ಬಡವರ ಬಂಧು’ ಎಂದು ಬರೆಸಿದ ಮೇಲೆ ಸರ್ವೆ ನಂಬರ್, ಲೇಔಟ್ ಮಂಜೂರಾದ ವರ್ಷ, ಗಾರ್ಡನ್‌ಗೆ ಬಿಟ್ಟ ಗುಂಟೆ ಮತ್ತು ನಾಲ್ಕೂ ದಿಕ್ಕಿನ ಗಡಿ ಬರೆಸಿ. ಒತ್ತುವರಿಗೆ ಬಂದವನು ಅದನ್ನು ಓದಿಯೇ ಒಳಗೆ ಬರಬೇಕಾಗುತ್ತದೆ.

ಪ್ರಶ್ನೆ: ನಂಬಿಕೆಯ ಮನುಷ್ಯರೆಂದು ಬಾಂಡ್ ಮೇಲೆ ಕರಾರು ಬರೆಸಿ ಪೂರ್ತಿ ಹಣ ಕೊಟ್ಟಿದ್ದೆವು. ಖರೀದಿ ಪತ್ರ ಆಗುವ ಮೊದಲೇ ಲೇಔಟ್ ಹಾಕಿದವರು ತೀರಿಕೊಂಡರು. ಪ್ಲಾಟು ನಮ್ಮದೇ ಅಲ್ಲವೇ?
— ಮಾನ್ವಿ

ಉತ್ತರ: ಇನ್ನೂ ಅಲ್ಲ. ಕರಾರಿನಿಂದ ಮಾಲೀಕತ್ವ ಬರುವುದಿಲ್ಲ, ಆದರೆ ಕರಾರು ಅವರೊಂದಿಗೆ ಸಾಯುವುದೂ ಇಲ್ಲ; ಖರೀದಿ ಪತ್ರ ಮಾಡಿಕೊಡುವ ಹೊಣೆ ವಾರಸುದಾರರ ಮೇಲೆ ಬರುತ್ತದೆ. ಕೇಸು ಹಾಕಲು ಮೂರು ವರ್ಷದ ಮಿತಿ ಇದೆ: ಕರಾರಿನಲ್ಲಿ ತಾರೀಖು ಬರೆದಿದ್ದರೆ ಅಂದಿನಿಂದ, ಇಲ್ಲದಿದ್ದರೆ ‘ಮಾಡಿಕೊಡುವುದಿಲ್ಲ’ ಎಂಬುದು ನಿಮಗೆ ತಿಳಿದ ದಿನದಿಂದ. ಆದ್ದರಿಂದ ಬಾಯಿಮಾತಿನಲ್ಲಿ ದಿನ ಕಳೆಯದೆ ವಕೀಲರಿಂದ ಎಲ್ಲ ವಾರಸುದಾರರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಕಂತು ಕಟ್ಟಿದ ರಸೀದಿಗಳ ಶಾಯಿ ಮಾಸುವ ಮೊದಲು ಝೆರಾಕ್ಸ್ ಮಾಡಿಸಿಡಿ.