ಪೇಜ್ ಎಲ್ಲಿರಬೇಕೆಂದು ಹೇಳುವವರು ಯಾರು?

ಪ್ರಶ್ನೆ: ನಮ್ಮ ಡೇಟಾಬೇಸ್ ಸರ್ವರ್‌ನಲ್ಲಿ ಎರಡು ಪ್ರೊಸೆಸರ್ ಇವೆ. ಲಿನಕ್ಸ್‌ನ ತಿರುಳಾದ ಕರ್ನಲ್, ಪೇಜ್ ಅನ್ನುವ ಮೆಮೊರಿಯ ಸಣ್ಣ ತುಂಡುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾನೇ ಸಾಗಿಸುತ್ತದಂತೆ. ಅದನ್ನು ಆಫ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಲೇ ಸರ್?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ಪೇಜ್ ಸಾಗಿಸುವ ಆ ಏರ್ಪಾಟಿಗೆ ನ್ಯೂಮಾ ಬ್ಯಾಲೆನ್ಸಿಂಗ್ ಅಂತ ಹೆಸರು, ಅದರ ಸ್ವಿಚ್ ಇಡೀ ಮಷೀನಿಗೆ ಒಂದೇ. ಡೇಟಾಬೇಸ್‌ಗೋಸ್ಕರ ಆಫ್ ಮಾಡಿದರೆ, ಅಲ್ಲೇ ಓಡುವ ಬ್ಯಾಕಪ್, ವೆಬ್ ಸರ್ವರ್ ಎಲ್ಲಕ್ಕೂ ಆಫ್ ಆಗುತ್ತದೆ. ನಿಮಗೆ ಬೇಕಿರುವುದು ಒಂದು ಪ್ರೋಗ್ರಾಂ ಮೇಲಿನ ಹಿಡಿತ, ಅಲ್ವಾ?

ಪ್ರತಿ ಪ್ರೊಸೆಸರ್‌ಗೂ ಹತ್ತಿರದ ಮೆಮೊರಿ ಒಂದು, ದೂರದ್ದು ಒಂದು. ದೂರದ್ದು ನಿಧಾನ. ಇಂಥ ರಚನೆಗೇ ನ್ಯೂಮಾ ಅನ್ನುವುದು. ಯಾವ ಪೇಜ್ ಯಾರಿಗೆ ಬೇಕು ಅಂತ ಕರ್ನಲ್ ಊಹಿಸುವುದು ಹೇಗೆ? 2012ರಲ್ಲಿ ಕರ್ನಲ್ ಡೆವಲಪರ್‌ಗಳಾದ ಪೀಟರ್ ಜಿಲ್‌ಸ್ಟ್ರಾ ಮತ್ತು ಆಂಡ್ರಿಯಾ ಆರ್ಕಾಂಜೆಲಿ ಇದಕ್ಕೆ ಬೇರೆ ಬೇರೆ ದಾರಿ ತೋರಿಸಿದ್ದರು. ಕೊನೆಗೆ ಇನ್ನೊಬ್ಬ ಡೆವಲಪರ್ ಮೆಲ್ ಗೋರ್ಮನ್ ಕಟ್ಟಿದ ಅಡಿಪಾಯ 2013ರ ಕರ್ನಲ್ ಆವೃತ್ತಿ 3.8ಕ್ಕೆ ಸೇರಿತು.

ಅದರ ಕೆಲಸ ಹೀಗೆ. ಕರ್ನಲ್ ಪ್ರೋಗ್ರಾಂನ ಮೆಮೊರಿಯನ್ನು ಸ್ವಲ್ಪ ಸ್ವಲ್ಪವೇ ಮುಟ್ಟದಂತೆ ಗುರುತು ಹಾಕುತ್ತದೆ. ಒಂದು ಸುತ್ತಿಗೆ ಸಾಮಾನ್ಯವಾಗಿ 256 ಎಂಬಿ. ಪ್ರೋಗ್ರಾಂ ಅಲ್ಲಿಗೆ ಕೈ ಹಾಕಿದ ಕೂಡಲೇ ಫಾಲ್ಟ್ ಬರುತ್ತದೆ, ಅಂದರೆ ಕೆಲಸ ಕ್ಷಣ ತಡೆದು ಕರ್ನಲ್‌ಗೆ ಸುದ್ದಿ ಹೋಗುತ್ತದೆ, ಯಾವ ಕಡೆಯಿಂದ ಕೈ ಬಂತು ಅಂತ ಗೊತ್ತಾಗುತ್ತದೆ. ಒಂದೇ ಸಲಕ್ಕೆ ಪೇಜ್ ಸಾಗಿಸುವುದಿಲ್ಲ. ಸಾಮಾನ್ಯವಾಗಿ ಎರಡನೇ ಸಲವೂ ಅದೇ ಕಡೆಯಿಂದ ಬಂದರೆ ಮಾತ್ರ. ಇಲ್ಲದಿದ್ದರೆ ಇಬ್ಬರೂ ಬಳಸುವ ಪೇಜ್ ಸುಮ್ನೆ ಆ ಕಡೆ ಈ ಕಡೆ ಓಡಾಡುತ್ತಲೇ ಇರುತ್ತಿತ್ತು. ನನಗೆ ಈ ಇಡೀ ವಿನ್ಯಾಸದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಫಾಲ್ಟ್‌ಗಳು ಹತ್ತಿರದ ಮೆಮೊರಿಯಲ್ಲೇ ಆಗುತ್ತಿದ್ದರೆ ಕರ್ನಲ್ ಹುಡುಕಾಟವನ್ನೂ ನಿಧಾನ ಮಾಡುತ್ತದೆ. ಸುತ್ತಿನ ಅಂತರ ಒಂದು ಸೆಕೆಂಡಿನಿಂದ ಅರವತ್ತು ಸೆಕೆಂಡಿನವರೆಗೆ ಹಿಗ್ಗುತ್ತದೆ.

ಆದರೂ ಆ ಫಾಲ್ಟ್‌ಗಳಿಗೆ ಬೆಲೆ ಇದ್ದೇ ಇದೆ. ಎಲ್ಲ ಥ್ರೆಡ್‌ಗಳೂ (ಪ್ರೋಗ್ರಾಂನೊಳಗೆ ಒಟ್ಟಿಗೇ ಓಡುವ ಕೆಲಸದ ಎಳೆಗಳು) ಎಲ್ಲ ಪೇಜ್‌ಗಳನ್ನು ಮುಟ್ಟುವ ದೊಡ್ಡ ಡೇಟಾಬೇಸ್‌ಗೆ ಸರಿಯಾದ ಜಾಗ ಅಂತಲೇ ಒಂದಿಲ್ಲ. ಅಲ್ಲಿ ಊಹೆಯ ಖರ್ಚು ಜಾಸ್ತಿ, ಲಾಭ ಕಡಿಮೆ. ಆಫ್ ಮಾಡಿ ಅನ್ನುವವರ ಮಾತಿನಲ್ಲಿ ಹುರುಳಿರುವುದು ಇಲ್ಲೇ.

ಹಾಗಾಗಿ ಡೇಟಾಬೇಸ್ ಅನ್ನು ನ್ಯೂಮಾಸಿಟಿಎಲ್ ಅನ್ನುವ ಕಮಾಂಡ್ ಮೂಲಕ ಇಂಟರ್‌ಲೀವ್=ಆಲ್ ಆಯ್ಕೆ ಕೊಟ್ಟು ಶುರು ಮಾಡಿ. ಪೇಜ್‌ಗಳು ಎರಡೂ ಕಡೆ ಸಮವಾಗಿ ಹರಡುತ್ತವೆ. ನೀವೇ ಹೀಗೆ ನಿಯಮ ಹಾಕಿದ ಮೆಮೊರಿಯ ತಂಟೆಗೆ ಬ್ಯಾಲೆನ್ಸಿಂಗ್ ಬರುವುದಿಲ್ಲ. ಅದೇ ಕಮಾಂಡ್‌ನ ಮೆಂಬೈಂಡ್ ಆಯ್ಕೆಯ ಬಗ್ಗೆ ಮಾತ್ರ ಎಚ್ಚರ. ಒಂದೇ ಕಡೆಗೆ ಕಟ್ಟಿಹಾಕಿ ಅಲ್ಲಿ ಜಾಗ ತುಂಬಿದರೆ, ಪಕ್ಕದಲ್ಲಿ ಖಾಲಿ ಇದ್ದರೂ ಪ್ರೋಗ್ರಾಂ ಸಾಯಬಹುದು.

ಆಮೇಲೆ ಪ್ರೊಕ್ ಡೈರೆಕ್ಟರಿಯಲ್ಲಿ ನಿಮ್ಮ ಪ್ರೋಗ್ರಾಂನ ನ್ಯೂಮಾ_ಮ್ಯಾಪ್ಸ್ ಫೈಲ್ ತೆರೆಯಿರಿ. ಪೇಜ್ ಇರುವ ಸಾಲುಗಳಲ್ಲಿ ಎನ್0, ಎನ್1 ಅಂತ ಆಯಾ ಕಡೆಯ ಪೇಜ್‌ಗಳ ಲೆಕ್ಕ ಕಾಣುತ್ತದೆ. ಅದೇ ಪ್ರೊಕ್‌ನ ವಿಎಂಸ್ಟ್ಯಾಟ್ ಫೈಲಿನಲ್ಲಿ, ಸಾಗಿಸಿದ ಪೇಜ್‌ಗಳನ್ನು ಎಣಿಸುವ ನ್ಯೂಮಾ_ಪೇಜಸ್_ಮೈಗ್ರೇಟೆಡ್ ಅನ್ನುವ ಸಾಲನ್ನು ಕೆಲಸ ಜೋರಾಗಿರುವ ಹೊತ್ತಿನಲ್ಲಿ ಎರಡು ಸಲ ಬರೆದಿಟ್ಟುಕೊಳ್ಳಿ. ಸಂಖ್ಯೆ ಇನ್ನೂ ಜೋರಾಗಿ ಏರುತ್ತಿದ್ದು, ಡೇಟಾಬೇಸ್ ಕೂಡ ನಿಧಾನವಾಗಿದ್ದರೆ ಬ್ಯಾಲೆನ್ಸಿಂಗ್ ಸ್ವಿಚ್‌ಗೆ ಸೊನ್ನೆ (ಆಫ್) ಹಾಕಿ ನೋಡಿ. ರೀಬೂಟ್ ಬೇಕಿಲ್ಲ, ಒಳ್ಳೆಯದಾಗದಿದ್ದರೆ ಆ ಕ್ಷಣವೇ ಮತ್ತೆ ಒಂದು (ಆನ್) ಹಾಕಬಹುದು.