ಗೇ ಆದವರು ಮಗನ ಟ್ರೂಪಿಗೆ ಸ್ಕೌಟ್ ಲೀಡರ್ ಆಗಬಹುದೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. 12 ವರ್ಷದ ಮಗ ಸ್ಕೌಟ್ ಟ್ರೂಪಿನಲ್ಲಿದ್ದಾನೆ. ಟ್ರೂಪ್ ಸೇರುವುದು ಮನೆ ಹತ್ತಿರದ ಮೆಥಡಿಸ್ಟ್ ಚರ್ಚಿನ ಹಾಲ್‌ನಲ್ಲಿ. ನಾನು ಟ್ರೂಪ್ ಕಮಿಟಿಯಲ್ಲೂ ಇದ್ದೇನೆ. ಈಗ ಅಸಿಸ್ಟೆಂಟ್ ಸ್ಕೌಟ್‌ಮಾಸ್ಟರ್ ಆಗಲು ಒಬ್ಬರು ಅರ್ಜಿ ಹಾಕಿದ್ದಾರೆ. ಚಿಕ್ಕವರಿದ್ದಾಗ ಈಗಲ್ ಸ್ಕೌಟ್ (ಸ್ಕೌಟ್ಸ್‌ನ ಅತಿ ಎತ್ತರದ ರ್‍ಯಾಂಕ್) ಆಗಿದ್ದವರು, ಕ್ಯಾಂಪಿಂಗ್ ಚೆನ್ನಾಗಿ ಬಲ್ಲವರು. ತಾವು ಗೇ, ಮದುವೆಯಾಗಿದೆ, ಮಕ್ಕಳಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮ ಯಜಮಾನರು "ಸುಮ್ಮನೆ ಟ್ರೂಪ್ ಬಿಡಿಸಿ ಕರಾಟೆಗೆ ಹಾಕೋಣ" ಅನ್ನುತ್ತಿದ್ದಾರೆ. ಊರಿಂದ ಬಂದಿರುವ ಅತ್ತೆ ಮಾವನಿಗೆ ವಿಷಯ ಕೇಳಿಯೇ ಗಾಬರಿ. ಮುಂದಿನ ವಾರ ಕಮಿಟಿ ಸಭೆ. ಬೇಡ ಎಂದರೆ ಒಬ್ಬ ಒಳ್ಳೆಯ ಮನುಷ್ಯನಿಗೆ ಅನ್ಯಾಯ ಮಾಡಿದ ಹಾಗೆ, ಬೇಕು ಎಂದರೆ ಮಗನನ್ನು ಅಪಾಯಕ್ಕೆ ಒಡ್ಡಿದ ಹಾಗೆ ಅನ್ನಿಸುತ್ತಿದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಅವರು ಎಲ್ಲರಿಗೂ ಇರುವ ಪರಿಶೀಲನೆಯಲ್ಲಿ ಪಾಸಾದರೆ ಬೇಕು ಎನ್ನಿ. ಆದರೆ ಅಷ್ಟಕ್ಕೆ ನಿಮ್ಮ ಕೆಲಸ ಮುಗಿಯುವುದಿಲ್ಲ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಈ ಮನುಷ್ಯ ಲೀಡರ್ ಆಗಬಹುದೇ, ನನ್ನ ಮಗ ಕ್ಯಾಂಪಿನಲ್ಲಿ ಕ್ಷೇಮವಾಗಿರುತ್ತಾನೆಯೇ? ಇವನ್ನು ಬಿಡಿಸಿ ನೋಡದಿದ್ದರೆ ಎರಡಕ್ಕೂ ತಪ್ಪು ಉತ್ತರ ಸಿಗುತ್ತದೆ.

ಮೊದಲು ತೀರ್ಮಾನ ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳಿ. ನಮ್ಮ ಕಡೆ ಸ್ಕೌಟ್ ಎಂದರೆ ಶಾಲೆ, ಸ್ಕೌಟ್ ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರೇ. ಅಮೆರಿಕದಲ್ಲಿ ಹಾಗಲ್ಲ. ಚರ್ಚೋ, ಲಯನ್ಸ್ ಕ್ಲಬ್ಬೋ, ಯಾವುದೋ ಒಂದು ಸಂಸ್ಥೆ ಚಾರ್ಟರ್, ಅಂದರೆ ಟ್ರೂಪ್ ನಡೆಸುವ ಅನುಮತಿ, ಪಡೆದು ಟ್ರೂಪನ್ನು ನಡೆಸುತ್ತದೆ. ಲೀಡರ್‌ಗಳನ್ನು ಪೋಷಕರ ಕಮಿಟಿ ಹುಡುಕಿ ಶಿಫಾರಸು ಮಾಡುತ್ತದೆ, ಚಾರ್ಟರ್ ಪಡೆದ ಸಂಸ್ಥೆಯ ಪ್ರತಿನಿಧಿ ಅರ್ಜಿಗೆ ಸಹಿ ಹಾಕುತ್ತಾರೆ, ಆಮೇಲೆ ಅದು ಸ್ಕೌಟ್ಸ್ ಸಂಸ್ಥೆಯ ಪ್ರಾದೇಶಿಕ ಘಟಕವಾದ ಕೌನ್ಸಿಲ್‌ಗೆ ಹೋಗುತ್ತದೆ. ಅಂದರೆ ನಿಮ್ಮ ಮತಕ್ಕೆ ಬೆಲೆಯಿದೆ, ಆದರೆ ಕೊನೆಯ ಮಾತು ನಿಮ್ಮದಲ್ಲ.

ಈ ವಿಷಯದ ದೊಡ್ಡ ಮೊಕದ್ದಮೆ ಶುರುವಾದದ್ದು ನಿಮ್ಮ ರಾಜ್ಯದಲ್ಲೇ. ಮಟವಾನ್‌ನ ಟ್ರೂಪಿನಲ್ಲಿ ಅಸಿಸ್ಟೆಂಟ್ ಸ್ಕೌಟ್‌ಮಾಸ್ಟರ್ ಆಗಿದ್ದ ಜೇಮ್ಸ್ ಡೇಲ್ ಕೂಡ ಈಗಲ್ ಸ್ಕೌಟ್. ರಟ್ಗರ್ಸ್ ವಿಶ್ವವಿದ್ಯಾಲಯದ ಗೇ ವಿದ್ಯಾರ್ಥಿ ಸಂಘದಲ್ಲಿದ್ದ ಅವರ ಬಗ್ಗೆ ಪತ್ರಿಕೆಯಲ್ಲಿ ಸುದ್ದಿ ಬಂತು ಎಂಬ ಒಂದೇ ಕಾರಣಕ್ಕೆ 1990ರಲ್ಲಿ ಅವರನ್ನು ತೆಗೆದುಹಾಕಿದರು. ಅವರ ನಡತೆಯ ಬಗ್ಗೆ ಒಂದು ದೂರೂ ಇರಲಿಲ್ಲ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1999ರಲ್ಲಿ ಡೇಲ್ ಪರ ನಿಂತಿತು. ಆದರೆ 2000ದ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದನ್ನು ತಿರುಗಿಸಿತು: ಖಾಸಗಿ ಸಂಸ್ಥೆ ತನ್ನ ನಂಬಿಕೆಗೆ ತಕ್ಕಂತೆ ನಾಯಕರನ್ನು ಆರಿಸಿಕೊಳ್ಳಬಹುದು ಎಂದಿತು. ಗೇ ಹುಡುಗರಿಗೆ ಸ್ಕೌಟ್ಸ್ ಬಾಗಿಲು ತೆರೆದದ್ದು 2014ರ ಜನವರಿ 1ರಂದು. ದೊಡ್ಡವರ ಮೇಲಿನ ನಿಷೇಧ ಹೋದದ್ದು 2015ರ ಜುಲೈ 27ರಂದು, ರಾಷ್ಟ್ರೀಯ ಮಂಡಳಿಯಲ್ಲಿ 45–12 ಮತಗಳಿಂದ. ಆಗ ಸಂಸ್ಥೆಯ ಅಧ್ಯಕ್ಷರಾಗಿದ್ದ, ಹಿಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಗೇಟ್ಸ್ ಅವರೇ ಈ ನಿಷೇಧ ಇನ್ನು ನಿಲ್ಲದು ಎಂದು ಆ ಮೇ ತಿಂಗಳಲ್ಲೇ ಹೇಳಿದ್ದರು. ಈಗ ಸಂಸ್ಥೆಯ ಹೆಸರೂ ಬದಲಾಗಿದೆ. ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಎಂದಿದ್ದದ್ದು 2025ರ ಫೆಬ್ರುವರಿಯಿಂದ ಸ್ಕೌಟಿಂಗ್ ಅಮೆರಿಕ.

2015ರ ನಿರ್ಣಯದಲ್ಲಿ ಒಂದು ವಿನಾಯಿತಿ ಉಳಿಯಿತು. ಧಾರ್ಮಿಕ ಸಂಸ್ಥೆ ಚಾರ್ಟರ್ ಪಡೆದಿದ್ದರೆ ತನ್ನ ನಂಬಿಕೆಗೆ ಹೊಂದುವ ಲೀಡರ್‌ಗಳನ್ನೇ ಆರಿಸಿಕೊಳ್ಳಬಹುದು. ನಿಮ್ಮದು ಚರ್ಚ್ ಹಾಲ್‌ನಲ್ಲಿ ಸೇರುವ ಟ್ರೂಪ್ ಆದ್ದರಿಂದ ಇದನ್ನು ಸಭೆಗೆ ಮುಂಚೆಯೇ ವಿಚಾರಿಸಿ. ಊಹೆ ಬೇಡ. ಯುನೈಟೆಡ್ ಮೆಥಡಿಸ್ಟ್ ಚರ್ಚ್ 2022ರಲ್ಲಿ ಸ್ಕೌಟ್ಸ್ ಜೊತೆಗಿನ ಒಪ್ಪಂದದ ಸ್ವರೂಪವನ್ನೇ ಬದಲಿಸಿತು. ಅಲ್ಲಿಂದೀಚೆಗೆ ಬಹಳ ಕಡೆ ಚರ್ಚ್ ಬರೀ ಜಾಗ ಕೊಡುತ್ತದೆ, ಚಾರ್ಟರ್ ಕೌನ್ಸಿಲ್ ಹೆಸರಿನಲ್ಲಿರುತ್ತದೆ. ನಿಮ್ಮ ಟ್ರೂಪೂ ಹಾಗಿದ್ದರೆ ಪಾದ್ರಿಯ ಒಪ್ಪಿಗೆ ಎಂಬ ಪ್ರಶ್ನೆ ಏಳುವುದು ಕಷ್ಟ. ಚಾರ್ಟರ್ ಚರ್ಚಿನದೇ ಆಗಿದ್ದರೂ ಮೊದಲೇ ಕೈಚೆಲ್ಲಬೇಡಿ. ಇದೇ ಚರ್ಚ್ 2024ರ ಮೇ ತಿಂಗಳಲ್ಲಿ ಗೇ ಪಾದ್ರಿಗಳ ಮೇಲಿದ್ದ ತನ್ನ ನಿಷೇಧವನ್ನು ತೆಗೆದುಹಾಕಿದೆ. ಕಮಿಟಿಯ ಅಧ್ಯಕ್ಷರನ್ನು "ನಮ್ಮ ಚಾರ್ಟರ್ ಯಾರ ಹೆಸರಿನಲ್ಲಿದೆ, ಈ ಅರ್ಜಿಗೆ ಸಹಿ ಹಾಕುವವರು ಯಾರು?" ಎಂದು ಕೇಳಿ. ಈ ಒಂದು ಪ್ರಶ್ನೆ ಸಭೆಯ ಅರ್ಧ ಗಂಟೆ ವಾದವನ್ನು ಉಳಿಸುತ್ತದೆ.

ಇನ್ನು ಭಯದ ಮಾತು. ನಿಮ್ಮ ಯಜಮಾನರು ಬಾಯಿಬಿಟ್ಟು ಹೇಳದಿರಬಹುದು, ಆದರೆ ಅವರ ಮನಸ್ಸಿನಲ್ಲಿರುವುದು ಗಂಡಸನ್ನು ಇಷ್ಟಪಡುವವನು ಹುಡುಗರ ಮೇಲೂ ಕಣ್ಣು ಹಾಕುತ್ತಾನೆ ಎಂಬ ಅಂಜಿಕೆ. ಮಗುವಿನ ಮೇಲೆ ಕೈಮಾಡುವ ವಿಕೃತಿಯೇ ಬೇರೆ, ವಯಸ್ಕ ಗಂಡಸು ವಯಸ್ಕ ಗಂಡಸನ್ನು ಪ್ರೀತಿಸುವುದೇ ಬೇರೆ. ಡೆನ್ವರ್‌ನ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು ಮಕ್ಕಳ ಮೇಲೆ ವಯಸ್ಕರು ನಡೆಸಿದ ಲೈಂಗಿಕ ದೌರ್ಜನ್ಯದ 269 ಪ್ರಕರಣಗಳನ್ನು ಪರಿಶೀಲಿಸಿ 1994ರಲ್ಲಿ ಪ್ರಕಟಿಸಿದರು. ಅದರಲ್ಲಿ ಗೇ ಅಥವಾ ಲೆಸ್ಬಿಯನ್ ಎಂದು ಗುರುತಿಸಬಹುದಾದ ಆರೋಪಿಗಳು ಇಬ್ಬರು. ಬಹುಪಾಲು ಆರೋಪಿಗಳು ಮಗುವಿನ ಹತ್ತಿರದ ಸಂಬಂಧಿಕರ ಗಂಡನೋ ಹೆಂಡತಿಯೋ ಜೊತೆಗಾರನೋ ಆಗಿದ್ದವರು.

ಇದಕ್ಕಿಂತ ಕಟುವಾದ ಪುರಾವೆ ಸ್ಕೌಟ್ಸ್ ಸಂಸ್ಥೆಯ ಚರಿತ್ರೆಯಲ್ಲೇ ಇದೆ. ದೌರ್ಜನ್ಯದ ಮೊಕದ್ದಮೆಗಳ ಭಾರಕ್ಕೆ 2020ರ ಫೆಬ್ರುವರಿಯಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಆಗ ಬಂದ ದೂರುಗಳು 82,000ಕ್ಕೂ ಹೆಚ್ಚು. ಪರಿಹಾರಕ್ಕೆ ಒಪ್ಪಿದ ಮೊತ್ತ ಸುಮಾರು 246 ಕೋಟಿ ಡಾಲರ್. ಈ ದೂರುಗಳಲ್ಲಿ ಹೆಚ್ಚಿನವು ಹಲವು ದಶಕಗಳಷ್ಟು ಹಳೆಯವು. ಗೇ ಆದವನಿಗೆ ಲೀಡರ್ ಆಗಲು ದಾರಿಯೇ ಇಲ್ಲದ ಕಾಲದವು. ಒರೆಗಾನ್ ಕೋರ್ಟಿನ ಆದೇಶದಂತೆ 2012ರಲ್ಲಿ ಹೊರಬಂದ ಹಳೆಯ ಗುಪ್ತ ಕಡತಗಳಲ್ಲಿ ಕಂಡದ್ದೇನು? ಊರಲ್ಲಿ ಮರ್ಯಾದಸ್ಥರು ಅನ್ನಿಸಿಕೊಂಡವರ ಹೆಸರುಗಳು. ಎಷ್ಟೋ ಕಡೆ ಪೊಲೀಸರಿಗೆ ತಿಳಿಸದೆ, ಸದ್ದಿಲ್ಲದೆ ಅಂಥವರನ್ನು ಸಾಗಹಾಕಿದ್ದರು. ಎಲ್ಲರ ಕಣ್ಣು ತಪ್ಪು ದಿಕ್ಕಿಗೆ ನೆಟ್ಟಿತ್ತು, ಮಕ್ಕಳು ಅದರ ಬೆಲೆ ತೆತ್ತರು. ಮನಸ್ಸಿಗೆ ತುಂಬ ನೋವು ಕೊಡುವ ಸಂಗತಿ ಇದು.

ಹಾಗಾದರೆ ನಿಮ್ಮ ಮಗನನ್ನು ಕಾಯುವುದು ಏನು? ಪಾಲಿಸಿದ ನಿಯಮ. ಯಾವ ಕಾರ್ಯಕ್ರಮಕ್ಕಾದರೂ 21 ದಾಟಿದ, ನೋಂದಾಯಿತರಾದ ಇಬ್ಬರು ಲೀಡರ್‌ಗಳು ಇರಲೇಬೇಕು. ಅಸಿಸ್ಟೆಂಟ್ ಸ್ಕೌಟ್‌ಮಾಸ್ಟರ್ 18ಕ್ಕೇ ಆಗಬಹುದು, ಆದರೆ 21ರ ಒಳಗಿನವರು ಆ ಇಬ್ಬರ ಲೆಕ್ಕಕ್ಕೆ ಬರುವುದಿಲ್ಲ. ತನ್ನ ಮಗುವಲ್ಲದ ಒಂದು ಮಗುವಿನ ಜೊತೆ ಒಬ್ಬ ದೊಡ್ಡವರು ಏಕಾಂತದಲ್ಲಿ ಇರಕೂಡದು. ಟ್ರೂಪ್ ಕ್ಯಾಂಪಿನಲ್ಲಿ ದೊಡ್ಡವರ ಟೆಂಟ್ ಬೇರೆ, ಮಕ್ಕಳ ಟೆಂಟ್ ಬೇರೆ. ಒಂದೇ ಟೆಂಟಿನ ಮಕ್ಕಳ ನಡುವೆ ಎರಡು ವರ್ಷಕ್ಕಿಂತ ಹೆಚ್ಚು ಅಂತರವಿರಬಾರದು, ಏಕೆಂದರೆ ದೊಡ್ಡ ಹುಡುಗರಿಂದಲೂ ಚಿಕ್ಕವರಿಗೆ ಕಿರುಕುಳ ಆಗುವುದುಂಟು. ಸ್ನಾನದ ಹೊತ್ತೂ ಬೇರೆ ಬೇರೆ. ಮೆಸೇಜ್, ಇಮೇಲ್ ಕಳಿಸಿದರೆ ಅದರಲ್ಲಿ ಇನ್ನೊಬ್ಬ ಲೀಡರ್ ಅಥವಾ ತಂದೆತಾಯಿ ಇರಬೇಕು. 2023ರ ಸೆಪ್ಟೆಂಬರ್‌ನಿಂದ, ಕ್ಯಾಂಪಿನಲ್ಲಿ ರಾತ್ರಿ ಉಳಿಯುವ ದೊಡ್ಡವರೆಲ್ಲ ನೋಂದಾಯಿಸಿಕೊಂಡಿರಬೇಕು.

ಈ ನಿಯಮಗಳನ್ನು ಹೆಚ್ಚಿನವರು ಬೇಕೆಂದು ಮುರಿಯುವುದಿಲ್ಲ, ದಾಕ್ಷಿಣ್ಯಕ್ಕೆ ಮುರಿಯುತ್ತಾರೆ. ಶುಕ್ರವಾರ ಸಂಜೆ ಐದಕ್ಕೆ ಎರಡನೇ ಲೀಡರ್‌ಗೆ ಆಫೀಸಿನ ಕೆಲಸ ಬರುತ್ತದೆ. ಮಕ್ಕಳು ಬ್ಯಾಗ್ ಕಟ್ಟಿಕೊಂಡು ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದಾರೆ. "ಪರವಾಗಿಲ್ಲ, ನಾನೊಬ್ಬನೇ ನೋಡಿಕೊಳ್ಳುತ್ತೇನೆ" ಎಂದು ಎಲ್ಲರಿಗೂ ಇಷ್ಟವಾದ ಹಳೆಯ ಸ್ಕೌಟ್‌ಮಾಸ್ಟರ್ ಹೇಳುತ್ತಾರೆ, ಎಲ್ಲರೂ ಥ್ಯಾಂಕ್ಸ್ ಹೇಳುತ್ತಾರೆ. ಭಾನುವಾರ ವಾಪಸ್ ಬರುವಾಗ ಎಲ್ಲ ಹುಡುಗರನ್ನೂ ಇಳಿಸಿ ಕಾರಿನಲ್ಲಿ ಕೊನೆಗೆ ಒಬ್ಬನೇ ಉಳಿಯುತ್ತಾನೆ. ರ್‍ಯಾಂಕ್‌ಗಾಗಿ ಸ್ಕೌಟ್‌ಮಾಸ್ಟರ್ ಜೊತೆ ನಡೆಯುವ ಮಾತುಕತೆ ಹಾಲ್‌ನ ಮೂಲೆಯಲ್ಲಿ, ನಾಲ್ಕು ಜನಕ್ಕೆ ಕಾಣುವ ಹಾಗೆ ನಡೆಯುವ ಬದಲು, ಗಲಾಟೆ ಎಂದು ಬಾಗಿಲು ಮುಚ್ಚಿದ ಕೋಣೆಗೆ ಹೋಗುತ್ತದೆ. ಮುಂದಿನ ವಾರದ ಸಭೆಯಲ್ಲಿ ನೀವು ಕೇಳಬೇಕಾದದ್ದು ಇದನ್ನು: ಕಳೆದ ವರ್ಷ ನಮ್ಮ ಟ್ರೂಪಿನಲ್ಲಿ ಇದು ಎಷ್ಟು ಸಲ ಆಗಿದೆ? ಎರಡನೆಯವರು ಬರದಿದ್ದರೆ ಕ್ಯಾಂಪ್ ರದ್ದು ಮಾಡುವ ಧೈರ್ಯ ನಮಗಿದೆಯೇ? ಹೊಸಬರನ್ನು ಒಪ್ಪಿದರೂ ಬಿಟ್ಟರೂ ಈ ಪ್ರಶ್ನೆ ನಿಮ್ಮ ಮಗನಿಗೆ ಬೇಕೇ ಬೇಕು.

ಅರ್ಜಿದಾರರನ್ನು ವಿಚಾರಿಸುವಾಗ ಸಂಕೋಚ ಬೇಡ, ಆದರೆ ಮದುವೆಯಾದ ಮೂರು ಮಕ್ಕಳ ತಂದೆಗೆ ಕೇಳುವುದನ್ನೇ ಇವರಿಗೂ ಕೇಳಿ. ಮಗು ಟ್ರೂಪಿನಲ್ಲಿಲ್ಲದಿದ್ದರೂ ಯಾಕೆ ಬರುತ್ತಿದ್ದೀರಿ? ಹಿಂದೆ ಯಾವ ಟ್ರೂಪಿನಲ್ಲಿದ್ದಿರಿ, ಯಾಕೆ ಬಿಟ್ಟಿರಿ? ಒಬ್ಬ ಹುಡುಗ ಅಳುತ್ತ ಬಂದು "ನಿಮ್ಮ ಹತ್ತಿರ ಮಾತ್ರ ಹೇಳಬೇಕು" ಎಂದರೆ ಏನು ಮಾಡುತ್ತೀರಿ? ಸರಿಯಾದ ಉತ್ತರ: ಇನ್ನೊಬ್ಬ ಲೀಡರ್‌ಗೆ ಕಾಣುವ ಜಾಗದಲ್ಲಿ ಕೂತು ಕೇಳುತ್ತೇನೆ, ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡುವುದಿಲ್ಲ, ದೌರ್ಜನ್ಯದ ಸುಳಿವಿದ್ದರೆ ವರದಿ ಮಾಡುತ್ತೇನೆ. ಪರಿಚಯಕ್ಕೆ ಕೊಟ್ಟ ಹೆಸರುಗಳಿಗೆ ನಿಜವಾಗಿಯೂ ಫೋನ್ ಮಾಡಿ. ಹೆಚ್ಚಿನ ಕಮಿಟಿಗಳು ಇಲ್ಲೇ ಸೋಮಾರಿತನ ಮಾಡುತ್ತವೆ. "ಇವರು ಎಂದಾದರೂ ನಿಯಮ ಸಡಿಲಿಸಿ ಎಂದು ಕೇಳಿದ್ದುಂಟೇ?" ಎಂದು ಕೇಳಿ. ಅಪರಾಧ ಹಿನ್ನೆಲೆ ಪರಿಶೀಲನೆಯೊಂದನ್ನೇ ನಂಬಿ ಕೂರಬೇಡಿ. ಅದರಲ್ಲಿ ಕಾಣುವವರು ಈಗಾಗಲೇ ಸಿಕ್ಕಿಬಿದ್ದವರು ಮಾತ್ರ.

ಸಭೆಯಲ್ಲಿ ಯಾರಾದರೂ ಖಂಡಿತ ರಾಜಿ ಸೂತ್ರ ತರುತ್ತಾರೆ: "ಹಾಲ್‌ಗೆ ಬರಲಿ, ಕ್ಯಾಂಪಿಗೆ ಬೇಡ." ಒಪ್ಪಬೇಡಿ. ಕ್ಯಾಂಪಿನಲ್ಲಿ ಇಬ್ಬರ ಲೆಕ್ಕ ತುಂಬಲಿಕ್ಕೇ ತಾನೆ ಹೊಸ ಲೀಡರ್ ಬೇಕಾಗಿರುವುದು? ಅವರ ಮೇಲೆ ನಂಬಿಕೆ ಇಲ್ಲದಿದ್ದರೆ ಹಾಲ್‌ಗೂ ಬೇಡ, ಇದ್ದರೆ ಕ್ಯಾಂಪಿಗೂ ಬರಲಿ. "ಬರಲಿ, ಆದರೆ ತಾವು ಗೇ ಎಂದು ಯಾರಿಗೂ ಹೇಳದಿರಲಿ" ಎಂಬುದು ಇನ್ನೂ ಕೆಟ್ಟದ್ದು. ಗುಟ್ಟಿಟ್ಟುಕೊಳ್ಳಬೇಕಾದ ಮನುಷ್ಯನನ್ನು ಯಾರು ಬೇಕಾದರೂ ಹೆದರಿಸಬಹುದು. ಹೆದರಿದ ಲೀಡರ್ ಬೇರೆಯವರ ತಪ್ಪು ಕಂಡರೂ ಬಾಯಿ ಬಿಡುವುದಿಲ್ಲ. "ಅವರ ಗಂಡ ಕ್ಯಾಂಪಿಗೆ ಬಂದರೆ?" ಎಂದು ಕೇಳಿದರೆ ಉತ್ತರ ಸುಲಭ. ದಂಪತಿ ಒಂದೇ ಟೆಂಟಿನಲ್ಲಿರಬಹುದು ಎಂಬುದು ಎಲ್ಲರಿಗೂ ಇರುವ ನಿಯಮ. ಅವರೂ ನೋಂದಾಯಿಸಿಕೊಂಡು, ತರಬೇತಿ ಮುಗಿಸಿ ಬರಬೇಕು, ಅಷ್ಟೇ. ಇನ್ನೊಂದು ಮಾತು, ಈ ಅರ್ಜಿಯ ವಿಷಯ ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿಗೆ ಹೋಗದಿರಲಿ. ಅವರು ಕಮಿಟಿಯನ್ನು ನಂಬಿ ಹೇಳಿದ್ದು.

ಯಜಮಾನರ ಜೊತೆ ಮಾತಾಡುವಾಗ "ನಿಮ್ಮದು ಹಳೇ ಕಾಲದ ಬುದ್ಧಿ" ಎಂದು ಶುರು ಮಾಡಬೇಡಿ. ಅವರದು ಮಗನ ಮೇಲಿನ ಕಾಳಜಿ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಿ. ಕರಾಟೆ ಕ್ಲಾಸಿನ ಮಾತನ್ನೇ ಹಿಡಿಯಿರಿ. ಅಲ್ಲಿ ಇಬ್ಬರು ದೊಡ್ಡವರು ಇರಬೇಕೆಂಬ ನಿಯಮ ಇದೆಯೇ? ಮಾಸ್ಟರ್ ಮಕ್ಕಳಿಗೆ ನೇರವಾಗಿ ಮೆಸೇಜ್ ಮಾಡುತ್ತಾರೆಯೇ? ಅವರ ಸಂಸಾರದ ವಿಷಯ ನಾವು ಎಂದಾದರೂ ಕೇಳಿದ್ದೇವೆಯೇ? ಹೀಗೆ ಕೇಳಿದರೆ ಮಾತು ಆ ಮನುಷ್ಯನನ್ನು ಬಿಟ್ಟು ನಿಯಮದ ಕಡೆಗೆ ಬರುತ್ತದೆ. ಆಮೇಲೂ ಅಳುಕಿದ್ದರೆ ಅವರೇ ಲೀಡರ್ ಆಗಿ ನೋಂದಾಯಿಸಿಕೊಳ್ಳಲಿ. ಮಕ್ಕಳ ರಕ್ಷಣೆಯ ತರಬೇತಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಒಂದು ಕ್ಯಾಂಪಿಗೆ ಹೋಗಿ, ಹೊಸಬರ ಪಕ್ಕದಲ್ಲಿ ನಿಂತು ಟೆಂಟ್ ಹೊಡೆದು ಬಂದರೆ ನೂರು ವಾದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ. ಅತ್ತೆ ಮಾವನಿಗೆ ದೊಡ್ಡ ಪಾಠ ಬೇಕಿಲ್ಲ. "ಇದೆಲ್ಲ ಅಪರಾಧ ಅಲ್ವೇನಮ್ಮ?" ಎಂದರೆ, ನಮ್ಮ ಸುಪ್ರೀಂ ಕೋರ್ಟೇ 2018ರ ಸೆಪ್ಟೆಂಬರ್ 6ರಂದು ಅಲ್ಲ ಎಂದಿದೆ ಎಂದು ತಿಳಿಸಿ. ಮೊಮ್ಮಗನನ್ನು ಹೇಗೆ ಕಾಯುತ್ತೀರಿ ಎಂಬುದನ್ನೂ ಹೇಳಿ.

ಮಗನಿಗೆ 12 ವರ್ಷ. ಗೇ ಎಂದರೆ ಏನು ಎಂಬುದು ಅವನಿಗೆ ಶಾಲೆಯಲ್ಲೇ ಗೊತ್ತಿರುತ್ತದೆ. "ಹೊಸ ಲೀಡರ್‌ಗೆ ಗಂಡ ಇದ್ದಾರೆ. ಬೇರೆ ಲೀಡರ್‌ಗಳಿಗೆ ಕೊಡುವ ಮರ್ಯಾದೆಯನ್ನೇ ಅವರಿಗೂ ಕೊಡು" ಎಂದರೆ ಸಾಕು. ಹೆಚ್ಚು ಹೊತ್ತು ಮಾತಾಡಬೇಕಾದದ್ದು ಬೇರೆ: ಯಾವ ದೊಡ್ಡವರೂ, ಹಳಬರಾಗಲಿ ಹೊಸಬರಾಗಲಿ, ಚಿಕ್ಕಪ್ಪನೇ ಆಗಲಿ, ಅಪ್ಪ ಅಮ್ಮನಿಗೆ ಹೇಳಬೇಡ ಎಂದರೆ ಅದನ್ನೇ ಮೊದಲು ಬಂದು ಹೇಳು, ನಾವು ಬೈಯುವುದಿಲ್ಲ. ಮತ್ತೆ ಒಂದು ವಿಷಯ ನೆನಪಿರಲಿ. ಊಟದ ಹೊತ್ತಿನಲ್ಲಿ ಗೇ ಜನರ ಬಗ್ಗೆ ನೀವಾಡುವ ಮಾತನ್ನು ಅವನು ಕೇಳಿಸಿಕೊಳ್ಳುತ್ತಿರುತ್ತಾನೆ. ಅವನ ಟ್ರೂಪಿನ ಯಾವ ಹುಡುಗ ನಾಳೆ ತಾನೂ ಹಾಗೆ ಎಂದು ತಿಳಿದುಕೊಳ್ಳುತ್ತಾನೋ ನಮಗೆ ಗೊತ್ತಿಲ್ಲ. ಆ ಹುಡುಗ ನಿಮ್ಮವನೇ ಆದರೂ ಅವನಿಗೆ ಮನೆ ಬೇಕು.

ಸಭೆಯಲ್ಲಿ ಎರಡು ಬಣವಾದರೆ, ಅವರು ಗೇ ಎಂಬುದನ್ನು ಮತಕ್ಕೆ ಹಾಕಲು ಬಿಡಬೇಡಿ. ಅರ್ಹತೆ, ಪರಿಚಯದವರ ಮಾತು, ತರಬೇತಿ ಈ ಮೂರರ ಮೇಲೆ ಶಿಫಾರಸು ಮಾಡಿ, ಕಾರಣವನ್ನು ನಡಾವಳಿಯಲ್ಲಿ ಬರೆಸಿ. ಚಾರ್ಟರ್ ಚರ್ಚಿನದಾಗಿದ್ದು, ಅದು ನಂಬಿಕೆಯ ಕಾರಣಕ್ಕೆ ಬೇಡ ಎಂದರೆ ಕಮಿಟಿ ಅದನ್ನು ಮೀರಲಾಗದು. ಆಗ ಅವರಿಗೆ ಆ ಕಾರಣವನ್ನೇ ನೇರವಾಗಿ ತಿಳಿಸಿ, "ಜಾಗ ಖಾಲಿ ಇಲ್ಲ" ಎಂದು ಸುಳ್ಳು ಹೇಳಿ ಕಳಿಸಬೇಡಿ. ಧಾರ್ಮಿಕವಲ್ಲದ ಸಂಸ್ಥೆ ನಡೆಸುವ ಟ್ರೂಪ್‌ಗಳಿಗೆ ಆ ವಿನಾಯಿತಿ ಇಲ್ಲ. ಹತ್ತಿರದಲ್ಲಿ ಅಂಥದ್ದು ಯಾವುದಿದೆ ಎಂದು ಕೌನ್ಸಿಲ್ ಕಚೇರಿ ಹೇಳುತ್ತದೆ. ನೀವೇ ಮಗನನ್ನು ಅಲ್ಲಿಗೆ ಸೇರಿಸಲು ಬಯಸಿದರೂ ಅಡ್ಡಿಯಿಲ್ಲ, ಅವನು ಗಳಿಸಿದ ರ್‍ಯಾಂಕ್, ಮೆರಿಟ್ ಬ್ಯಾಡ್ಜ್ ಎಲ್ಲ ಅವನ ಜೊತೆಗೇ ಹೋಗುತ್ತವೆ.