ನಾಯಿಯ ಪ್ರೀತಿಗೆ ನಿಜವಾಗಿಯೂ ಷರತ್ತಿಲ್ಲವೇ? ಯುದ್ಧದಲ್ಲಿ ಮನುಷ್ಯರೇ ಸಾಯುವಾಗ ಪ್ರಾಣಿಗಳಿಗಾಗಿ ಮರುಗುವುದು ಸರಿಯೇ?

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ನಾಯಿಯ ಪ್ರೀತಿ ಬರೀ ಅನ್ನದ ಋಣವೇ ಎಂಬುದು ಮೊದಲನೆಯದು. ಯುದ್ಧದಲ್ಲಿ ಮನುಷ್ಯರು ಸಾಯುತ್ತಿರುವಾಗ ಪ್ರಾಣಿಗಳಿಗಾಗಿ ಮರುಗುವುದು ಸರಿಯೇ ಎಂಬುದು ಎರಡನೆಯದು. ನನ್ನ ಮಟ್ಟಿಗೆ ಹೇಳುವುದಾದರೆ, ಯುದ್ಧಗಳ ಚರಿತ್ರೆಯನ್ನು ಓದುತ್ತಾ ಹೋದಾಗಲೇ ಮೊದಲ ಪ್ರಶ್ನೆಗೂ ಉತ್ತರ ಹೊಳೆದದ್ದು.

ಹನ್ನೊಂದು ವರ್ಷ ನನ್ನ ಜೊತೆಗಿದ್ದ ನಾಯಿಯನ್ನು ನಾನು ಒಮ್ಮೆ, ಅದರ ತಪ್ಪೇನೂ ಇಲ್ಲದಿದ್ದಾಗ, ಯಾರ ಮೇಲಿನದೋ ಸಿಟ್ಟಿನಲ್ಲಿ ಹೊಡೆದಿದ್ದೆ. ಅದು ಮೂಲೆಗೆ ಹೋಗಿ ಮುದುರಿ ಮಲಗಿತು. ಅರ್ಧ ಗಂಟೆಯೊಳಗೆ ಎದ್ದು ಬಂದು ನನ್ನ ಪಾದದ ಮೇಲೆ ಗದ್ದವಿಟ್ಟಿತು. ಅದು ಕ್ಷಮಿಸಿಬಿಟ್ಟಿತು ಎಂದು ಮನೆಯವರು ಹೇಳಿದರು. ನನಗೆ ಅಂದೂ ಹಾಗನ್ನಿಸಲಿಲ್ಲ, ಇಂದಿಗೂ ಅನ್ನಿಸುವುದಿಲ್ಲ. ಕ್ಷಮಿಸಬೇಕಾದರೆ ಮೊದಲು ಅಪರಾಧವನ್ನು ಲೆಕ್ಕಕ್ಕೆ ಹಿಡಿಯಬೇಕು. ನಾಯಿಗೆ ಹೆದರಿಕೆಯಾದಾಗ ಯಾರ ಬಳಿ ಹೋಗಬೇಕೆಂಬುದು ಮಾತ್ರ ಗೊತ್ತಿರುತ್ತದೆ. ಹೆದರಿಸಿದವನೇ ಆತನಾಗಿದ್ದರೂ ಅದು ಅಲ್ಲಿಗೇ ಬರುತ್ತದೆ. ದಿನವೂ ಪೆಟ್ಟು ತಿನ್ನುವ ನಾಯಿ ಬಾಲ ಮುದುರಿಕೊಂಡು ಬರುತ್ತದೆ ಎಂಬುದು ನಿಜ, ಆದರೂ ಬರುತ್ತದೆ.

ಅನ್ನದ ಋಣ ಎಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ, ಆದರೆ ಅದು ಪೂರ್ಣ ಸತ್ಯವಲ್ಲ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು ನಾಯಿ ಮತ್ತು ಅದರ ಒಡೆಯ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡುವಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುವುದನ್ನು ಗುರುತಿಸಿದರು. ತಾಯಿ ಮತ್ತು ಕೂಸಿನ ನಡುವಿನ ನಂಟನ್ನು ಗಟ್ಟಿಗೊಳಿಸುವ ಹಾರ್ಮೋನು ಅದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್‌ನಲ್ಲಿ, ಸುಮಾರು 14,000 ವರ್ಷ ಹಿಂದಿನ ಸಮಾಧಿಯೊಂದರಲ್ಲಿ, ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಜೊತೆ ನಾಯಿಮರಿಯೊಂದರ ಎಲುಬುಗಳು ದೊರೆತಿವೆ. ಅದಕ್ಕೆ ಡಿಸ್ಟೆಂಪರ್ ಎಂಬ ಮಾರಕ ಸಾಂಕ್ರಾಮಿಕ ರೋಗ ತಗುಲಿತ್ತೆಂದೂ, ಯಾರೋ ವಾರಗಟ್ಟಲೆ ಆರೈಕೆ ಮಾಡದಿದ್ದರೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲವೆಂದೂ ಅದರ ಹಲ್ಲುಗಳನ್ನು ಪರೀಕ್ಷಿಸಿದವರು ಹೇಳುತ್ತಾರೆ. ಕಾಯಿಲೆ ಬಿದ್ದ ಮರಿಯಿಂದ ಬೇಟೆಗೂ ಕಾವಲಿಗೂ ಉಪಯೋಗವಿರಲಿಲ್ಲ. ಋಣ ಎನ್ನುವುದಾದರೆ ಅದು ಎರಡೂ ಕಡೆಯಿಂದ ಬೆಳೆದ ಋಣ. ಆ ಸಮಾಧಿ ಪತ್ತೆಯಾದದ್ದು 1914ರಲ್ಲಿ, ಮೊದಲ ಮಹಾಯುದ್ಧ ಆರಂಭವಾದ ವರ್ಷದಲ್ಲಿ.

ಮನುಷ್ಯನ ಮೇಲೆ ನಾಯಿ ಇಟ್ಟ ಈ ನಂಬಿಕೆಯನ್ನು ಯುದ್ಧ ಹೇಗೆ ಬಳಸಿಕೊಂಡಿತು ಎಂಬುದಕ್ಕೆ ಸೋವಿಯತ್ ಸೇನೆಯ ಟ್ಯಾಂಕ್ ನಿರೋಧಕ ನಾಯಿಗಳಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ನಾಯಿಗಳನ್ನು ಹಸಿವಿನಲ್ಲಿಟ್ಟು, ಟ್ಯಾಂಕಿನ ಅಡಿಯಲ್ಲಿ ಆಹಾರವಿಟ್ಟು, ಟ್ಯಾಂಕ್ ಕಂಡರೆ ಅದರ ಕೆಳಗೆ ನುಗ್ಗುವ ಅಭ್ಯಾಸ ಮಾಡಿಸಲಾಯಿತು. 1941ರಲ್ಲಿ ಜರ್ಮನ್ ಸೇನೆ ಒಳನುಗ್ಗಿದಾಗ ಅವುಗಳ ಬೆನ್ನಿಗೆ ಸ್ಫೋಟಕ ಕಟ್ಟಿ ರಣರಂಗಕ್ಕೆ ಬಿಟ್ಟರು. ಬೆನ್ನ ಮೇಲೆ ನಿಲ್ಲಿಸಿದ್ದ ಸಣ್ಣ ಕಡ್ಡಿಯೊಂದು ಟ್ಯಾಂಕಿನ ತಳಕ್ಕೆ ತಗುಲಿದರೆ ಸಾಕು, ಸ್ಫೋಟವಾಗುತ್ತಿತ್ತು. ಆದರೆ ಅಭ್ಯಾಸ ನಡೆದದ್ದು ಸದ್ದಿಲ್ಲದೆ ನಿಂತಿದ್ದ ತಮ್ಮದೇ ಸೇನೆಯ ಟ್ಯಾಂಕುಗಳಲ್ಲಿ. ಗುಂಡಿನ ಸದ್ದು, ಹೊಗೆ, ಉರುಳುವ ಚಕ್ರಪಟ್ಟಿಗಳನ್ನು ಕಂಡು ದಿಕ್ಕೆಟ್ಟ ಎಷ್ಟೋ ನಾಯಿಗಳು ತಿರುಗಿ ತಮ್ಮವರಿದ್ದ ಕಂದಕಗಳಿಗೇ ಓಡಿಬಂದವು. ಕೆಲವು ಅಲ್ಲಿಯೇ ಸಿಡಿದವು. ಕೆಲವನ್ನು ತಮ್ಮವರೇ ಗುಂಡಿಟ್ಟು ಕೊಂದರು. ಇದನ್ನು ಸೈನಿಕ ಇತಿಹಾಸದ ಪುಸ್ತಕಗಳಲ್ಲಿ ವಿಫಲ ಪ್ರಯೋಗವೆಂದು ಬರೆಯುತ್ತಾರೆ. ನನಗೆ ಇದನ್ನು ಓದಿದಾಗ ನೆನಪಾದದ್ದು ನನ್ನ ಪಾದದ ಮೇಲಿದ್ದ ಗದ್ದ. ಹೆದರಿದ ನಾಯಿ ಮಾಡುವುದನ್ನೇ ಅವೂ ಮಾಡಿದ್ದವು.

ಇಂಥದೇ ನಂಬಿಕೆ ನಾಯಿಗಳಾಚೆಗೂ ಇದೆ. 1943ರ ಆಗಸ್ಟಿನಲ್ಲಿ, ಬಾಂಬು ಬಿದ್ದರೆ ಕಾಡುಪ್ರಾಣಿಗಳು ತಪ್ಪಿಸಿಕೊಂಡು ಅಪಾಯವಾದೀತೆಂಬ ಕಾರಣ ಕೊಟ್ಟು, ಟೋಕಿಯೊದ ಉಯೆನೊ ಮೃಗಾಲಯದ ಪ್ರಾಣಿಗಳನ್ನು ಕೊಲ್ಲಲು ಆಜ್ಞೆಯಾಯಿತು. ಜಾನ್, ಟೊಂಕಿ, ವಾನ್ಲಿ ಎಂಬ ಮೂರು ಆನೆಗಳಿಗೆ ಆಹಾರವನ್ನೇ ನಿಲ್ಲಿಸಿದರು. ಪಾಲಕರು ಎದುರಿಗೆ ಬಂದಾಗಲೆಲ್ಲ ಅವು ತಮಗೆ ಕಲಿಸಿದ್ದ ಆಟಗಳನ್ನು, ನಿಲ್ಲಲು ತ್ರಾಣವಿಲ್ಲದಿದ್ದರೂ, ಆಡಿ ತೋರಿಸುತ್ತಿದ್ದವು. ಆಟ ಆಡಿದರೆ ತಿನ್ನಲು ಸಿಗುತ್ತದೆ ಎಂದು ಕಲಿಸಿದ್ದು ಮನುಷ್ಯರೇ. ಸತ್ತ ಪ್ರಾಣಿಗಳಿಗಾಗಿ ಸೆಪ್ಟೆಂಬರ್ ಆರಂಭದಲ್ಲಿ ಸಾರ್ವಜನಿಕ ಶ್ರದ್ಧಾಂಜಲಿ ನಡೆದಾಗ ಟೊಂಕಿ ಮತ್ತು ವಾನ್ಲಿ ಇನ್ನೂ ಉಸಿರಾಡುತ್ತಿದ್ದವು. ಈ ಒಂದು ವಿವರವನ್ನು ನಾನು ಎಷ್ಟು ಪ್ರಯತ್ನಿಸಿದರೂ ಮರೆಯಲಾಗಿಲ್ಲ.

ಸತ್ತ ಪ್ರಾಣಿಗಳ ಸಂಖ್ಯೆಯನ್ನೇ ಕೇಳುವುದಾದರೆ, ಮೊದಲ ಮಹಾಯುದ್ಧದಲ್ಲಿ ಸುಮಾರು 80 ಲಕ್ಷ ಕುದುರೆ, ಹೇಸರಗತ್ತೆ, ಕತ್ತೆಗಳು ಸತ್ತವೆಂದು ಅಂದಾಜಿದೆ. ಮೊಜಾಂಬಿಕ್‌ನ ಅಂತರ್ಯುದ್ಧ 1992ರಲ್ಲಿ ಮುಗಿಯುವ ವೇಳೆಗೆ ಗೊರೊಂಗೊಸಾ ಅಭಯಾರಣ್ಯದ ದೊಡ್ಡ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇಲ್ಲವಾಗಿತ್ತು. ಗುಂಡು ತಾಗದೆಯೂ ಸಾವು ಬರುತ್ತದೆ: 2022ರಲ್ಲಿ ಉಕ್ರೇನಿನ ಬೊರೊಡಿಯಾಂಕಾದ ಆಶ್ರಯಧಾಮವೊಂದರಲ್ಲಿ, ಸುತ್ತ ಯುದ್ಧ ನಡೆದು ಯಾರೂ ಬರಲಾಗದೆ, ಬೀಗ ಹಾಕಿದ ಗೂಡುಗಳಲ್ಲೇ ಇನ್ನೂರಕ್ಕೂ ಹೆಚ್ಚು ನಾಯಿಗಳು ಅನ್ನ ನೀರಿಲ್ಲದೆ ಸತ್ತವು. ಬ್ರಿಟನ್ನಿನಲ್ಲಂತೂ 1939ರ ಸೆಪ್ಟೆಂಬರಿನಲ್ಲಿ, ಒಂದು ಬಾಂಬೂ ಬೀಳುವ ಮೊದಲೇ, ಯುದ್ಧ ಘೋಷಣೆಯಾದ ಕೆಲವೇ ದಿನಗಳಲ್ಲಿ ಜನರು ತಾವು ಸಾಕಿದ ಲಕ್ಷಾಂತರ ನಾಯಿ ಬೆಕ್ಕುಗಳನ್ನು ಪಶುವೈದ್ಯರ ಬಳಿಗೆ ಒಯ್ದು ಕೊಲ್ಲಿಸಿದರು. ಅವರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸಾಗುವುದಿಲ್ಲ. ಅವರಲ್ಲಿ ಬಹುಪಾಲು ಜನ ಅದನ್ನು ಕರುಣೆಯೆಂದೇ ನಂಬಿದ್ದರು. ಆದರೂ ಹಗ್ಗದ ತುದಿಯಲ್ಲಿ ಬಾಲ ಆಡಿಸುತ್ತಾ ನಡೆದುಹೋದ ನಾಯಿಗೆ ಆ ಕರುಣೆಯಲ್ಲಿ ಪಾಲಿರಲಿಲ್ಲ.

ಮಹಾಭಾರತವೆಂದರೆ ಎಲ್ಲರೂ ಧರ್ಮರಾಯನ ಹಿಂದೆ ನಡೆದ ಕೊನೆಯ ನಾಯಿಯನ್ನು ನೆನೆಯುತ್ತಾರೆ. ಆದಿಪರ್ವದಲ್ಲಿ ಇನ್ನೊಂದು ನಾಯಿ ಬರುತ್ತದೆ. ಜನಮೇಜಯನ ಯಾಗದ ಬಳಿಗೆ ಬಂದ, ಸರಮೆ ಎಂಬ ದೇವಲೋಕದ ಹೆಣ್ಣುನಾಯಿಯ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ ಎಂದು ಅದು ತಾಯಿಯೆದುರು ಅಳುತ್ತದೆ. ತಪ್ಪು ಮಾಡದವನನ್ನು ಏಕೆ ಹೊಡೆದಿರಿ ಎಂದು ಸರಮೆ ಬಂದು ಕೇಳಿದಾಗ ಅವರು ಏನೂ ಹೇಳುವುದಿಲ್ಲ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು, ನಾಯಿಯ ಪ್ರೀತಿಗೆ ಷರತ್ತಿಲ್ಲ, ಆದರೆ ಅದನ್ನು ಹೊಗಳಿಕೆಯಾಗಿ ಹೇಳಲು ನನಗೆ ಮುಜುಗರವಾಗುತ್ತದೆ. ಇಟಲಿಯ ಫ್ಲಾರೆನ್ಸ್ ಬಳಿಯ ಹಳ್ಳಿಯೊಂದರಲ್ಲಿ ಫೀದೋ ಎಂಬ ನಾಯಿ, 1943ರ ಡಿಸೆಂಬರಿನ ಬಾಂಬು ದಾಳಿಯಲ್ಲಿ ಸತ್ತ ತನ್ನ ಒಡೆಯನಿಗಾಗಿ, ಅವನು ಬಂದಿಳಿಯುತ್ತಿದ್ದ ಬಸ್ ನಿಲ್ದಾಣಕ್ಕೆ 1958ರಲ್ಲಿ ತಾನು ಸಾಯುವವರೆಗೂ ದಿನವೂ ಹೋಗುತ್ತಿತ್ತು. ಅದರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಸತ್ತ ಒಡೆಯನಿಗಾಗಿ ರೈಲು ನಿಲ್ದಾಣದಲ್ಲಿ ವರ್ಷಗಟ್ಟಲೆ ಕಾದ ಜಪಾನಿನ ಹಾಚಿಕೊ ನಾಯಿಗೂ 1934ರಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದ್ದರು. ಯುದ್ಧಕ್ಕೆ ಲೋಹ ಬೇಕಾದಾಗ ಅದನ್ನು ಕರಗಿಸಿದರು. ಇಂದು ಟೋಕಿಯೊದ ಶಿಬುಯಾ ರೈಲು ನಿಲ್ದಾಣದೆದುರು ಇರುವುದು 1948ರಲ್ಲಿ ಮತ್ತೆ ಮಾಡಿಸಿದ ಪ್ರತಿಮೆ.

ಎರಡನೆಯ ಪ್ರಶ್ನೆಯನ್ನು ಕೇಳುವವರು ಮರುಕವನ್ನು ಗಡಿಗೆಯ ನೀರೆಂದು ಭಾವಿಸುತ್ತಾರೆ, ಒಬ್ಬರಿಗೆ ಸುರಿದರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ ಎಂಬಂತೆ. ಯುದ್ಧವನ್ನು ಕಣ್ಣಾರೆ ಕಂಡವರು ಹಾಗೆ ನಡೆದುಕೊಂಡಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಸುಮಾರು 4,000 ನಾಯಿಗಳನ್ನು ಬಳಸಿತು. ಮರಳಿ ಬಂದವು ಸುಮಾರು 200. ಉಳಿದವುಗಳಲ್ಲಿ ಎಷ್ಟೋ ನಾಯಿಗಳನ್ನು ಹೆಚ್ಚುವರಿ ಸಾಮಗ್ರಿಯೆಂದು ಪರಿಗಣಿಸಿ ಕೊಂದರು ಅಥವಾ ಅಲ್ಲಿಯೇ ಬಿಟ್ಟು ಬಂದರು. ಅವುಗಳನ್ನು ನಡೆಸಿದ ಸೈನಿಕರು ತಮ್ಮ ಸಂಗಾತಿಗಳು ಸತ್ತದ್ದನ್ನು ಪಕ್ಕದಲ್ಲೇ ನಿಂತು ಕಂಡವರು. ಮೂವತ್ತು ವರ್ಷ ಕಳೆದ ಮೇಲೂ ಅವರಲ್ಲಿ ಹಲವರು ತಮ್ಮ ನಾಯಿಯ ಹೆಸರು ಹೇಳಿ ಅತ್ತರು. ನಿವೃತ್ತವಾದ ಸೇನಾ ನಾಯಿಗಳನ್ನು ಜನರು ದತ್ತು ಪಡೆಯಬಹುದೆಂಬ ಕಾನೂನು ಆ ದೇಶದಲ್ಲಿ ಬಂದದ್ದು 2000ದ ನವೆಂಬರಿನಲ್ಲಿ. ಆ ಕಾನೂನಿಗೆ ರಾಬಿ ಎಂಬ ನಾಯಿಯ ಹೆಸರಿದೆ. ಅದನ್ನು ಮನೆಗೆ ಕರೆದೊಯ್ಯಬೇಕೆಂದು ಅದರ ಸೈನಿಕ ಬಹಳ ಬೇಡಿಕೊಂಡಿದ್ದ. ಕಾನೂನು ಬಂದರೂ ಅದು ಆಗಲಿಲ್ಲ, 2001ರ ಜನವರಿಯಲ್ಲಿ ರಾಬಿಗೆ ಚುಚ್ಚುಮದ್ದು ಕೊಟ್ಟು ಕೊನೆಗಾಣಿಸಿದರು.